ಬೇರ್ ಪದಕ್ಕೆ ನಾಲ್ಕು ಹಾಳೆ

ಇಂಗ್ಲಿಷಿನಲ್ಲಿ ನನ್ನ ಮಾನ ಕಳೆದ ಮೊದಲ ಪದ ‘ಬೇರ್’. ಆಗ ನನಗೆ ಹದಿಮೂರು ವರ್ಷ, ಒಂಬತ್ತನೇ ತರಗತಿಗೆ ಆಗಷ್ಟೇ ಸೇರಿದ್ದೆ. ಅಪ್ಪ ಕಾಮಾಲೆ ಹಿಡಿದು ಮೂರೇ ವಾರದಲ್ಲಿ ತೀರಿಕೊಂಡಿದ್ದರು. ತಿಥಿಯೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ, ಅಪ್ಪ ಫಿಟ್ಟರ್ ಆಗಿದ್ದ ಫ್ಯಾಕ್ಟರಿಯಿಂದ ಒಂದು ಉದ್ದನೆಯ ಲಕೋಟೆ ಬಂತು. ಒಳಗೆ ಟೈಪ್ ಮಾಡಿದ ನಾಲ್ಕು ಸಾಲಿನ ಇಂಗ್ಲಿಷ್ ಕಾಗದ. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೆ ಕೊಟ್ಟಳು.

“ಓದಿ ಹೇಳೇ, ಏನಂತೆ?”

ತರಗತಿಯಲ್ಲಿ ಇಂಗ್ಲಿಷಿಗೆ ನಾನೇ ಮೊದಲು ಎಂಬ ಜಂಬ ನನಗೆ. ಗಂಟಲು ಸರಿಮಾಡಿಕೊಂಡು ಓದಿದೆ. ಅಪ್ಪನ ಹೆಸರು ಗೊತ್ತಾಯಿತು, ದೇವರು ಗೊತ್ತಾಯಿತು, ಶಕ್ತಿ ಗೊತ್ತಾಯಿತು. ನಡುವೆ ‘ಬೇರ್’ ಅಂತ ಒಂದು ಪದ ಕೂತಿತ್ತು. ಐದನೇ ತರಗತಿಯ ಪುಸ್ತಕದಲ್ಲಿ ಆ ಪದದ ಪಕ್ಕದಲ್ಲಿ ಕರಡಿಯ ಚಿತ್ರವಿತ್ತು. ಗೊತ್ತಿಲ್ಲ ಅನ್ನುವುದಕ್ಕೆ ನಾಲಿಗೆ ಬರಲಿಲ್ಲ. “ದೇವರು ನಿಮಗೆ ಕರಡಿಯಷ್ಟು ಶಕ್ತಿ ಕೊಡಲಿ ಅಂತ ಬರೆದಿದಾರಮ್ಮ” ಅಂದುಬಿಟ್ಟೆ.

ಅಮ್ಮ ನಂಬಿದಳು. ಕಾಗದವನ್ನು ಮಡಿಸಿ ಟ್ರಂಕಿನಲ್ಲಿ ಅಪ್ಪನ ಅಂಗಿಗಳ ಕೆಳಗೆ ಇಟ್ಟಳು. ಆಮೇಲೆ ನಲ್ಲಿಯ ಹತ್ತಿರ ಯಾರಾದರೂ “ಹೇಗಿದೀಯಮ್ಮ” ಅಂದರೆ, “ಕರಡಿಯಷ್ಟು ಶಕ್ತಿ ಬೇಕು ಕಣ್ರೀ, ಫ್ಯಾಕ್ಟರಿಯೋರೇ ಬರೆದಿದಾರೆ” ಅನ್ನುತ್ತಿದ್ದಳು. ಅವರು ಅನುಕಂಪದಿಂದ ತಲೆಯಾಡಿಸುತ್ತಿದ್ದರು. ಗಂಡ ಸತ್ತ ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಅಮ್ಮನಿಗೆ ಆಗ ಮೂವತ್ತೆರಡು. ಮದುವೆಗೆ ಮುಂಚೆ ಎಸ್ಸೆಸ್ಸೆಲ್ಸಿ ಕಟ್ಟಿ, ಉಳಿದೆಲ್ಲ ಪಾಸಾಗಿ, ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದಿದ್ದಳು. ಆಮೇಲೆ ಮದುವೆ, ನಾನು, ಕ್ವಾರ್ಟರ್ಸು, ಒಲೆ. ಆ ಡುಮ್ಕಿಯನ್ನು ಯಾರೂ ನೆನೆಸಿರಲಿಲ್ಲ. ಫ್ಯಾಕ್ಟರಿಯ ವೆಲ್‌ಫೇರ್ ಆಫೀಸರು ಕರೆಸಿದಾಗಲೇ ಅದು ಎದ್ದು ಬಂದು ಎದುರು ನಿಂತದ್ದು. ಅವರು ಒಳ್ಳೆಯವರೇ. ಅಮ್ಮನಿಗೆ ಕುರ್ಚಿ ಹಾಕಿಸಿದರು.

“ನೋಡಿಮ್ಮಾ, ಎಸ್ಸೆಸ್ಸೆಲ್ಸಿ ಪಾಸಾಗಿದ್ರೆ ಆಫೀಸಲ್ಲೇ ಕ್ಲರ್ಕ್ ಕೆಲ್ಸ ಕೊಡ್ಬಹುದಿತ್ತು. ಒಂದು ಇಂಗ್ಲಿಷ್ ತಾನೇ? ಕಟ್ಕೊಳ್ಳಿ. ಎರಡು ವರ್ಷ ನಿಮಗೋಸ್ಕರ ಸೀಟ್ ಹಿಡಿದಿರ್ತೀವಿ. ಅಷ್ಟರಲ್ಲಿ ಆಗಲಿಲ್ಲ ಅಂದ್ರೆ ಕ್ಯಾಂಟೀನಲ್ಲಿ ಹೆಲ್ಪರ್.”

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅಮ್ಮ ಹೇಳಿದ್ದು ಒಂದೇ ಮಾತು. “ಕುರ್ಚಿ ಮೇಲೆ ಕೂತ್ಕೊಂಡು ಕೆಲ್ಸ ಮಾಡ್ಬೇಕು ಕಣೇ. ಒಂದು ದಿನಾನಾದ್ರೂ.” ಎರಡು ವರ್ಷದಲ್ಲಿ ಮೂರು ಪರೀಕ್ಷೆ ಸಿಗುತ್ತಿದ್ದವು, ಮಾರ್ಚಿನಲ್ಲಿ ಒಂದು, ಸೆಪ್ಟೆಂಬರಿನಲ್ಲಿ ಒಂದು, ಮತ್ತೆ ಮಾರ್ಚಿನಲ್ಲಿ ಒಂದು. ಮೂರರಲ್ಲಿ ಯಾವುದರಲ್ಲಾದರೂ ಮೂವತ್ತೈದು ನಂಬರು ಬಂದರೆ ಕುರ್ಚಿ.

ಕ್ವಾರ್ಟರ್ಸ್ ಬಿಟ್ಟು ನಾವು ಹಲಸೂರಿನ ಕೆರೆಯ ಹಿಂದಿನ ಒಂದು ವಠಾರಕ್ಕೆ ಬಂದೆವು. ಎಂಟು ಮನೆ, ಒಂದು ನಲ್ಲಿ, ಅರ್ಧಕ್ಕರ್ಧ ತಮಿಳು. ಅಮ್ಮ ಶಿವಾಜಿನಗರದ ಒಬ್ಬ ದರ್ಜಿಯಿಂದ ಅಂಗಿಗಳನ್ನು ತಂದು ಕಾಜಾ ಹಾಕುತ್ತಿದ್ದಳು. ಬಲಗೈಯಲ್ಲಿ ಸೂಜಿ, ತೊಡೆಯ ಮೇಲೆ ಗೈಡು. ಪ್ರಬಂಧಗಳನ್ನು ಉರು ಹೊಡೆಯುತ್ತಿದ್ದಳು. ಹಸು ಒಂದು ಸಾಧುಪ್ರಾಣಿ ಎಂಬುದನ್ನು ಇಂಗ್ಲಿಷಿನಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ ಇವತ್ತಿಗೂ ಹಸು ಕಂಡರೆ ನನಗೆ ಕೋಪ ಬರುತ್ತದೆ. ಮೊದಲ ಮಾರ್ಚಿನಲ್ಲಿ ಹಸು ಬರಲಿಲ್ಲ. ರೈಲು ಪ್ರಯಾಣ ಬಂತು. ಅಮ್ಮನಿಗೆ ಇಪ್ಪತ್ತೆರಡು ಬಂತು.

ನಮ್ಮಿಂದ ಎರಡು ಬಾಗಿಲು ಆಚೆ ಒಬ್ಬ ಮುದುಕರಿದ್ದರು. ದಂಡು, ಅಂದರೆ ಕಂಟೋನ್ಮೆಂಟಿನ ಕಡೆಯ ಒಂದು ಛಾಪಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಪ್ರೂಫ್ ತಿದ್ದಿದವರು. ವಠಾರಕ್ಕೆಲ್ಲ ಅವರು ಪ್ರೂಫ್ ತಾತ. ತಿದ್ದಿ ತಿದ್ದಿಯೇ ಕಣ್ಣು ಹೋಗಿತ್ತು. ಬೆಳಕು ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಅವರ ಹತ್ತಿರ ಒಂದು ನಿಘಂಟು ಇತ್ತು, ರಟ್ಟು ಕಿತ್ತುಹೋಗಿ ಗೋಣಿಬಟ್ಟೆಯಲ್ಲಿ ಹೊಲಿದದ್ದು, ಎರಡು ಕೈಯಲ್ಲೂ ಎತ್ತಬೇಕಾದಷ್ಟು ದಪ್ಪದ್ದು. ಬರೀ ಅರ್ಥವಲ್ಲ, ಒಂದೊಂದು ಪದವೂ ಯಾವ ಊರಿಂದ ಹೊರಟು ಯಾವ ದಾರಿ ಹಿಡಿದು ಬಂತು ಅಂತ ಹೇಳುವ ನಿಘಂಟು ಅದು. ಅಮ್ಮ ಫೇಲಾದ ಸುದ್ದಿ ಕೇಳಿ ಅವರೇ ಕೋಲೂರಿಕೊಂಡು ಬಂದರು.

“ಅಮ್ಮಾ, ನಾನು ಇಂಗ್ಲಿಷ್ ಹೇಳ್ಕೊಡ್ತೀನಿ. ಫೀಸ್ ಬೇಡ. ದಿನಾ ಒಂದು ಗಂಟೆ ಈ ಪುಸ್ತಕ ನನಗೆ ಓದಿ ಹೇಳಿ, ಸಾಕು. ಕಿವಿ ಚೆನ್ನಾಗಿದೆ, ದೇವರ ದಯೆ.”

ಛಾಪಖಾನೆಯಲ್ಲಿ ಪ್ರೂಫ್ ತಿದ್ದುವುದಕ್ಕೆ ಇಬ್ಬರು ಬೇಕಂತೆ. ಒಬ್ಬ ಮೂಲ ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟಿರಬೇಕು. ಓದುವವನು ಕಾಮಾ, ಫುಲ್‌ಸ್ಟಾಪು, ದಪ್ಪಕ್ಷರ, ಓರೆಯಕ್ಷರ ಎಲ್ಲವನ್ನೂ ಬಾಯಲ್ಲಿ ಹೇಳಬೇಕು. ತಾತ ಅಮ್ಮನಿಗೆ ಅದೇ ಕ್ರಮ ಕಲಿಸಿದರು. ಮಧ್ಯಾಹ್ನ ಎರಡೂವರೆಗೆ ಅವರ ಜಗಲಿಯ ಮೇಲೆ ಅಮ್ಮನ ಪಾಠ ಶುರುವಾಗುತ್ತಿತ್ತು. ಕಾಮಾ, ಓರೆ ಅಕ್ಷರದಲ್ಲಿ ವರ್ಬ್, ಫುಲ್‌ಸ್ಟಾಪ್, ಕಂಸ ತೆಗೆ, ಹಳೇ ಇಂಗ್ಲಿಷ್, ಕಂಸ ಮುಚ್ಚು. ಅಮ್ಮ ಅವಸರದಲ್ಲಿ ಒಂದು ಸಾಲು ಹಾರಿಸಿದರೆ ಆ ಕುರುಡುಗಣ್ಣಿಗೆ ಹೇಗೋ ಕಂಡುಬಿಡುತ್ತಿತ್ತು.

“ಏನೋ ಬಿಟ್ಟೆ ನೀನು. ವಾಪಸ್ ಹೋಗುಮ್ಮಾ. ಗೊತ್ತಿರೋದ್ರಲ್ಲಿ ಒಂದಕ್ಷರ ಬಿಡ್ಬಾರ್ದು. ಬಿಟ್ಟೋನು ಪ್ರೂಫ್ ರೀಡರ್ ಅಲ್ಲ.”

ನನಗೆ ಮೈ ಉರಿಯುತ್ತಿತ್ತು. ಅಮ್ಮ ಪ್ರೂಫ್ ರೀಡರ್ ಆಗಬೇಕಿರಲಿಲ್ಲ, ಮೂವತ್ತೈದು ನಂಬರು ತೆಗೆಯಬೇಕಿತ್ತು. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತಂತೆ ಅಂತ ಅಮ್ಮನಿಗೆ ಕೇಳಿಸುವ ಹಾಗೆಯೇ ಗೊಣಗುತ್ತಿದ್ದೆ. ಆದರೆ ಸುಳ್ಳು ಹೇಳಬಾರದು. ಸೆಪ್ಟೆಂಬರಿನಲ್ಲಿ ಅಮ್ಮನಿಗೆ ಮೂವತ್ತೊಂದು ಬಂತು. ಇನ್ನು ನಾಲ್ಕೇ ನಾಲ್ಕು. ನಂಬರಿಗಿಂತ ಹೆಚ್ಚಿಗೆ ಅಮ್ಮನ ಮುಖವೇ ಬದಲಾಗಿತ್ತು. ಕಾಜಾ ಹಾಕುತ್ತಾ ತನ್ನಷ್ಟಕ್ಕೆ ತಾನು ಯಾವುದೋ ಪದ ಹೇಳಿಕೊಂಡು ನಗುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ಅದು ನನ್ನಿಂದ ಆಗಲಿಲ್ಲ, ಆ ಮುದುಕರಿಂದ ಆಯಿತು ಎಂಬುದು ನನಗೆ ಹೊಟ್ಟೆಕಿಚ್ಚು.

ಬೇರ್ ಪದ ಬಂದದ್ದು ಆಮೇಲೆ, ಚಳಿಗಾಲದಲ್ಲಿ. ಆ ಹೊತ್ತಿಗೆ ನಾನೂ ಹತ್ತನೇ ತರಗತಿ. ನಾನೂ ಅಮ್ಮನೂ ಮಾರ್ಚಿನಲ್ಲಿ ಒಂದೇ ಪರೀಕ್ಷೆ ಕಟ್ಟುವವರು. ಅಂದು ಶಾಲೆ ಬೇಗ ಬಿಟ್ಟಿತ್ತು. ಜಗಲಿಯ ಮೆಟ್ಟಿಲ ಮೇಲೆ ಕೂತು ಲೆಕ್ಕ ಮಾಡುತ್ತಿದ್ದೆ. ಅಮ್ಮ ಓದುತ್ತಾ ಹೋಗಿ ತಟ್ಟನೆ ನಿಂತಳು.

“ಸಾರ್, ಬೇರ್ ಅಂದ್ರೆ ಕರಡಿ ಅಲ್ವಾ? ಇಲ್ಲಿ ಬೇರೇನೋ ಇದೆ.”

“ಕರಡಿ ಕೆಳಗೆ ಬರತ್ತೆ, ಅದು ಇನ್ನೊಂದು ಮನೆತನ. ಇದು ಹೊರೋದು. ತಲೆ ಮೇಲೆ ಮೂಟೆ ಹೊರ್ತಾರಲ್ಲ, ಅದು. ಆಮೇಲೆ ತಡ್ಕೊಳ್ಳೋದು, ಸಹಿಸೋದು. ಹೊತ್ಕೊಂಡು ನಿಂತೋನು ತಡ್ಕೊಂಡಿರ್ತಾನೆ ಅಲ್ವಾ, ಅದಕ್ಕೆ.”

ಅಮ್ಮ ಪುಸ್ತಕ ಕೆಳಗಿಟ್ಟು ಮನೆಗೆ ಹೋದಳು. ಟ್ರಂಕು ತೆಗೆದ ಸದ್ದಾಯಿತು. ಫ್ಯಾಕ್ಟರಿಯ ಆ ಕಾಗದ ತಂದು ತಾತನಿಗೆ ಓದಿದಳು, ಕಾಮಾ ಫುಲ್‌ಸ್ಟಾಪು ಸಮೇತ. ತಾತ, “ಈ ನಷ್ಟವನ್ನು ತಡ್ಕೊಳ್ಳೋ ಶಕ್ತಿ ದೇವರು ಕೊಡಲಿ ಅಂತಮ್ಮಾ” ಅಂದರು. ಅಮ್ಮ ನನ್ನ ಕಡೆ ಒಂದು ಸಲ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ತಲೆ ತಗ್ಗಿಸಿ ಲೆಕ್ಕವನ್ನು ಇನ್ನೊಂದು ಸಲ ತಪ್ಪು ಮಾಡಿದೆ.

ಆ ಪದ ನಾಲ್ಕು ಮಧ್ಯಾಹ್ನ ತಿಂದಿತು. ಹೆರುವುದಕ್ಕೂ ಇದೇ ಪದ ಅಂತ ಓದಿದಾಗ ಅಮ್ಮ, “ಹೊರೋದು ಹೆರೋದು ನಮ್ಮಲ್ಲೂ ಅಕ್ಕಪಕ್ಕದ ಮನೆ ಅಲ್ವಾ ಸಾರ್” ಅಂದಳು. ತಾತ ತೊಡೆ ತಟ್ಟಿಕೊಂಡು, “ಅಪ್ಪಡಿ ಪೋಡು! ಹಾಗೆ ಹೇಳು!” ಅಂದರು. ಮರ ಕಾಯಿ ಬಿಡುವುದಕ್ಕೂ ಅದೇ. ಮಾರನೆಯ ದಿನ ಅಮ್ಮ ಕೇಳಿದಳು, ಮಷೀನಿನ ಬೇರಿಂಗೂ ಇದೇನಾ ಅಂತ. ಅಪ್ಪನ ಬಾಯಲ್ಲಿ ಆ ಮಾತು ಬಾರದ ದಿನವಿರಲಿಲ್ಲ. ಬೇರಿಂಗ್ ಹೋಯಿತು, ಬೇರಿಂಗ್ ಹಾಕಬೇಕು, ಬೇರಿಂಗ್ ಸರಿಯಿದ್ದರೆ ಮಷೀನು ಮಾತೇ ಆಡುವುದಿಲ್ಲ. ಕೆಟ್ಟ ಬೇರಿಂಗಿನ ಉಕ್ಕಿನ ಗುಂಡುಗಳನ್ನು ಅಪ್ಪ ನನಗೆ ಗೋಲಿಯಾಡಲು ತಂದುಕೊಡುತ್ತಿದ್ದರು. ತಾತ ಹೌದು ಅಂದರು, ತಿರುಗುವ ಸರಳಿನ ಭಾರವನ್ನೆಲ್ಲ ಹೊತ್ತಿರುವುದು ಅದೇ. ಅಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಪುಸ್ತಕ ಮುಚ್ಚಿದಳು.

ಅದರ ಮುಂದಿನದು ಇನ್ನೂ ದೊಡ್ಡದಿತ್ತು. ಆ ಪದಕ್ಕೆ ದೂರದ ನೆಂಟರು ಯಾರು ಅಂತ ಕಂಸದೊಳಗೆ ಬರೆದಿತ್ತು, ಅದರಲ್ಲಿ ಸಂಸ್ಕೃತದ ಹೆಸರೂ ಇತ್ತು. ತಾತ ಬಿಡಿಸಿ ಹೇಳಿದರು. ನಮ್ಮ ಭಾರ, ನಮ್ಮ ಭರಿಸು, ಅದೇ ಬೇರ್. ಸಾವಿರಾರು ವರ್ಷದ ಹಿಂದೆ ಒಂದೇ ಮನೆಯಲ್ಲಿದ್ದು ಪಾಲಾಗಿ ಹೋದ ದಾಯಾದಿಗಳು. ಭರ್ತ ಅಂದರೆ ಹೊರುವವನು. ಭಾರ್ಯೆ ಅಂದರೆ ಅವನು ಹೊರಬೇಕಾದವಳು.

“ಹೊರೋನು ಹೋದ್ಮೇಲೆ ಆ ಪದಕ್ಕೇನರ್ಥ ಸಾರ್?” ಅಂದಳು ಅಮ್ಮ.

ತಾತ ಮುಂದೆ ಓದು ಅಂದರು. ಮುಂದೆ ಇದ್ದದ್ದು ಹುಟ್ಟು ಎಂಬ ಅರ್ಥದ ‘ಬರ್ತ್’, ಹೊರೆ ಎಂಬ ಅರ್ಥದ ‘ಬರ್ಡನ್’, ಆಮೇಲೆ ‘ಬಿಯರ್’. ಕುಡಿಯುವುದಲ್ಲ, ಅದರ ಕಾಗುಣಿತ ಬೇರೆ. ಹೆಣ ಹೊರುವ ಚಟ್ಟ. ಮೂರೂ ಆ ಒಂದೇ ಪದದ ಮಕ್ಕಳು. ಹುಟ್ಟಿದ್ದೂ ಅದೇ, ಹೊತ್ತದ್ದೂ ಅದೇ, ಕೊನೆಗೆ ಹೊತ್ತುಕೊಂಡು ಹೋಗುವುದೂ ಅದೇ. ಅಮ್ಮ ಎರಡು ಸಲ ಓದಿದಳು, ತಾತ ಹೇಳದಿದ್ದರೂ.

ನಮ್ಮ ಬೇರಿಗೂ ಇದಕ್ಕೂ ಏನಾದರೂ ಸಂಬಂಧವಿದೆಯೇ ಅಂತ ನಾನೇ ಬಾಯಿ ಹಾಕಿದೆ. ತಾತ ಇಲ್ಲ ಅಂದರು, ಬರೀ ಕಿವಿಗೆ ಹಾಗೆ ಕೇಳುತ್ತದೆ ಅಷ್ಟೆ. ನನಗೆ ಅವಮಾನವಾಯಿತು. ಕೊನೆಯ ದಿನ ಕರಡಿಯ ಸರದಿ. ಕರಡಿಯ ನಿಜವಾದ ಹೆಸರೇ ಅದಲ್ಲವಂತೆ. ಆ ಚಳಿ ದೇಶದವರು ಕಾಡಿನಲ್ಲಿ ಅದರ ಹೆಸರು ಹೇಳಿದರೆ ಬಂದೇಬಿಡುತ್ತದೆ ಅಂತ ಹೆದರಿ ‘ಕಂದು ಬಣ್ಣದ್ದು’ ಅಂತ ಅಡ್ಡಹೆಸರು ಇಟ್ಟರು, ಹಾಗಂತ ಬಲ್ಲವರ ಊಹೆ. ಅಡ್ಡಹೆಸರೇ ಉಳಿದು ನಿಜವಾದ ಹೆಸರು ಕಳೆದುಹೋಯಿತು. ಅಮ್ಮನಿಗೆ ಅದು ಹೊಸದೇ ಅನ್ನಿಸಲಿಲ್ಲ. “ನಾವೂ ಹೊತ್ತು ಮುಳುಗಿದ ಮೇಲೆ ಹಾವು ಅನ್ನಲ್ಲ ಸಾರ್, ಹುಳ ಅಂತೀವಿ” ಅಂದಳು. ಆಮೇಲೆ ಸಣ್ಣಗೆ, “ನಾನು ಇವಳಪ್ಪನ ಹೆಸರು ಒಂದು ದಿನಾನೂ ಹೇಳಿಲ್ಲ” ಅಂದಳು.

ಇಷ್ಟನ್ನು ಯಾಕೆ ಬಿಡಿಸಿ ಬರೆಯುತ್ತಿದ್ದೇನೆ ಅಂದರೆ, ಅಮ್ಮನಿಗೆ ಇಂಗ್ಲಿಷಿನಲ್ಲಿ ಪೂರ್ತಿ ತನ್ನದು ಅಂತ ಇದ್ದದ್ದು ಆ ಒಂದು ಪದ. ಉಳಿದ ಭಾಷೆಯೆಲ್ಲ ಎರವಲು.

ಜನವರಿ ಫೆಬ್ರುವರಿಯಲ್ಲಿ ನಾನು ಹಟ ಹಿಡಿದೆ. ನಿಘಂಟು ಸಾಕು, ಇನ್ನು ಗೈಡು. ಪತ್ರ, ಪ್ರಬಂಧ, ಬಿಟ್ಟ ಸ್ಥಳ ತುಂಬುವುದು. ಅಮ್ಮ ಒಪ್ಪಿದಳು. ಪ್ರಬಂಧಕ್ಕೆ ಹದಿನೈದು, ಪತ್ರಕ್ಕೆ ಹತ್ತು, ಎರಡನ್ನೂ ಹೇಗೋ ಮುಟ್ಟಿಸಿದರೆ ಗೆದ್ದ ಹಾಗೆ. ಪರೀಕ್ಷೆಯ ಹಿಂದಿನ ದಿನ ಅವಳಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಾ ದೊಡ್ಡ ಮೇಷ್ಟರ ಹಾಗೆ ಉಪದೇಶ ಮಾಡಿದೆ. ನಮ್ಮ ಶಾಲೆಯಲ್ಲಿ ಎಲ್ಲರೂ ನಂಬಿದ್ದ ವೇದವಾಕ್ಯ ಅದು. ಯಾವ ಮೇಷ್ಟರೂ ಪೂರ್ತಿ ಓದುವುದಿಲ್ಲ, ಹಾಳೆ ಎಣಿಸುತ್ತಾರೆ, ಅಡಿಷನಲ್ ಶೀಟು ಕಟ್ಟಿದವನಿಗೆ ನಂಬರು.

“ಗೊತ್ತಿಲ್ದೇ ಇದ್ರೆ ಬಿಡು. ಗೊತ್ತಿರೋದು ಬಂದ್ರೆ ಮಾತ್ರ ಬಿಡ್ಬೇಡಮ್ಮ. ಗೊತ್ತಿರೋದನ್ನೆಲ್ಲ ಬರಿ. ಹಾಳೆ ತುಂಬ್ಸು. ಅಡಿಷನಲ್ ಶೀಟ್ ಕೇಳಕ್ಕೆ ನಾಚ್ಕೋಬೇಡ.”

“ತಾತಾನೂ ಅದೇ ಅಂತಾರಲ್ಲ, ಒಂದಕ್ಷರ ಬಿಡ್ಬಾರ್ದು ಅಂತ,” ಅಂದಳು ಅಮ್ಮ.

ನಾವಿಬ್ಬರೂ, ನಾನೂ ತಾತನೂ, ಒಂದೇ ಮಾತು ಹೇಳಿದ್ದು ಅದೊಂದೇ ಸಲ.

ಮಾರನೆಯ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ನನ್ನ ಸೆಂಟರು ಒಂದು ಕಡೆ, ಅವಳದು ದಂಡಿನಲ್ಲಿ ಇನ್ನೊಂದು ಕಡೆ. ಮುಗಿದ ಮೇಲೆ ರಸೆಲ್ ಮಾರುಕಟ್ಟೆಯ ಗಡಿಯಾರದ ಕೆಳಗೆ ಸಿಗುವುದು ಅಂತ ಮಾತು. ಪ್ರಶ್ನೆಪತ್ರಿಕೆ ಸುಲಭವಿತ್ತು. ಮೂರನೇ ಪ್ರಶ್ನೆಯ ಕೆಳಗೆ ಒಂದು ಪುಟ್ಟ ಪ್ರಶ್ನೆ. ‘ಬೇರ್’ ಎಂಬ ಪದವನ್ನು ಎರಡು ಅರ್ಥದಲ್ಲಿ ಬಳಸಿ ಸ್ವಂತ ವಾಕ್ಯ ಬರೆಯಿರಿ. ಎರಡು ನಂಬರು. ನನಗೆ ನಗು ಬಂತು. ಝೂನಲ್ಲಿ ಕರಡಿ ನೋಡಿದೆ ಅಂತ ಒಂದು, ನೋವು ತಡೆಯಲಾರೆ ಅಂತ ಒಂದು, ಎರಡು ವಾಕ್ಯ ಗೀಚಿ ಮುಂದೆ ಹೋದೆ. ಅಮ್ಮನಿಗೂ ಎರಡು ನಂಬರು ಗ್ಯಾರಂಟಿ ಅಂತ ಖುಷಿಪಟ್ಟೆ. ಅದಕ್ಕಿಂತ ಮುಂದಕ್ಕೆ ನನ್ನ ತಲೆ ಓಡಲಿಲ್ಲ.

ಮಾರುಕಟ್ಟೆಯ ಮುಂದೆ ಅವಳು ನನಗಿಂತ ಮೊದಲೇ ಬಂದು ನಿಂತಿದ್ದಳು. ಕೈಬೆರಳಿಗೆಲ್ಲ ಶಾಯಿ. ಒಂದು ಮೊಳ ಮಲ್ಲಿಗೆ ಕೊಂಡು ಎಲೆಯಲ್ಲಿ ಸುತ್ತಿಸಿಕೊಂಡಿದ್ದಳು, ನನಗೋಸ್ಕರ. ಅವಳ ಆ ಅರಳಿದ ಮುಖವನ್ನು ನಾನು ಮತ್ತೆ ಯಾವತ್ತೂ ನೋಡಲಿಲ್ಲ.

“ಅದೇ ಬಂದಿತ್ತು ಕಣೇ! ಅದೇ ಪದ! ನಾಲ್ಕು ಅಡಿಷನಲ್ ಶೀಟ್ ತಗೊಂಡೆ. ಆ ರೂಮಲ್ಲಿ ಅಷ್ಟು ತಗೊಂಡಿದ್ದು ನಾನೊಬ್ಬಳೇ. ಸೂಪರ್‌ವೈಸರ್ರೇ ಬಂದು ನೋಡ್ಬಿಟ್ಟು ಹೋದ್ರು.”

“ಯಾವುದಕ್ಕೆ ನಾಲ್ಕು ಶೀಟು?”

“ಬೇರ್‌ಗೆ! ಹೊರೋದು, ಹೆರೋದು, ಬೇರಿಂಗು, ಚಟ್ಟ, ಕರಡಿ, ಸಂಸ್ಕೃತ, ಒಂದೂ ಬಿಡ್ಲಿಲ್ಲ. ಫ್ಯಾಕ್ಟರಿಯೋರ ಕಾಗದದ ವಾಕ್ಯಾನೇ ಉದಾಹರಣೆ ಕೊಟ್ಟೆ. ಮೊದಲ್ನೇ ಸಲ ಕಣೇ, ಉರು ಹೊಡೆದಿದ್ದಲ್ಲ, ನಾನೇ ಬರ್ದಿದ್ದು.”

“ಪ್ರಬಂಧ ಬರೆದ್ಯಾ?”

ಅಮ್ಮ ಮಲ್ಲಿಗೆಯ ಎಲೆಪೊಟ್ಟಣವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. “ಶುರು ಮಾಡಿದ್ದೆ. ಬೆಲ್ ಹೊಡೆದ್ಬಿಟ್ರು.”

“ಪತ್ರ?”

ಅವಳು ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಂಡಳು. ಗಡಿಯಾರದ ಕೆಳಗೆ ಜನ ನಮ್ಮನ್ನು ತಳ್ಳಿಕೊಂಡು ಓಡಾಡುತ್ತಿದ್ದರು. ಒಬ್ಬ ತಲೆಯ ಮೇಲೆ ಎಲೆಕೋಸಿನ ಬುಟ್ಟಿ ಹೊತ್ತು “ಬಾಜೂ, ಬಾಜೂ” ಅನ್ನುತ್ತಾ ಬಂದ. ನಾವು ಗೋಡೆಗೆ ಒತ್ತಿ ನಿಂತೆವು. ನಾನು ನಡು ರಸ್ತೆಯಲ್ಲಿ, ಎಲ್ಲರೂ ತಿರುಗಿ ನೋಡುವ ಹಾಗೆ ಅಮ್ಮನಿಗೆ ಬೈದೆ. ಎರಡು ನಂಬರಿನ ಪ್ರಶ್ನೆಗೆ ನಾಲ್ಕು ಹಾಳೆ ಯಾರು ಬರೀತಾರೆ, ನಿನಗೆ ಬುದ್ಧಿ ಎಲ್ಲಿತ್ತು ಅಂತ. ಗೊತ್ತಿರೋದನ್ನೆಲ್ಲ ಬರಿ ಅಂದವಳು ನಾನೇ ಎಂಬುದು ಬಯ್ಯುವಾಗಲೂ ನನಗೆ ಗೊತ್ತಿತ್ತು. ಅದಕ್ಕೇ ಇನ್ನೂ ಜೋರಾಗಿ ಬೈದೆ. ಅಮ್ಮ ಒಂದು ಸಲವೂ ಅದನ್ನು ಎತ್ತಿ ಆಡಲಿಲ್ಲ.

ವಠಾರದಲ್ಲಿ ತಾತ ಜಗಲಿಯ ಮೇಲೆ ಕಾಯುತ್ತಿದ್ದರು. ಅಮ್ಮ ಹೇಳಿದಾಗ ಮೊದಲು ಅವರು ಎರಡು ಕೈಯನ್ನೂ ಮೇಲೆತ್ತಿ ನಕ್ಕರು. “ಎಲ್ಲಾನೂ ಬರೆದ್ಯಾ? ಅಡ್ಡಹೆಸರೂ?” ಅಂದರು. ಆಮೇಲೆ ಮೂವತ್ತು ವರ್ಷ ಪ್ರೂಫ್ ತಿದ್ದಿದ ಬುದ್ಧಿ ಎಚ್ಚರವಾಗಿರಬೇಕು, “ಆ ಪ್ರಶ್ನೆಗೆ ಎಷ್ಟಮ್ಮಾ ಮಾರ್ಕು?” ಅಂತ ಕೇಳಿದರು. ಅಮ್ಮ ಎರಡು ಅಂದಳು. ತಾತನ ಕೈ ನಿಧಾನಕ್ಕೆ ತೊಡೆಯ ಮೇಲೆ ಇಳಿಯಿತು. “ನಾನು ನಿನ್ನ ಕೆಡಿಸ್ಬಿಟ್ಟೆ” ಅಂದರು. ನಾನು ಅಲ್ಲ ಅನ್ನಲಿಲ್ಲ. ಒಂದು ಮಾತು ನನ್ನಿಂದ ಬಂದಿದ್ದರೆ ಆ ಭಾರ ಇಬ್ಬರಿಗೂ ಅರ್ಧರ್ಧ ಆಗುತ್ತಿತ್ತು. ಹದಿನೈದು ವರ್ಷದ ಆ ನನ್ನ ಬಾಯಿ ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಫಲಿತಾಂಶ ಬಂತು. ನಾನು ಫಸ್ಟ್ ಕ್ಲಾಸು. ಅಮ್ಮನಿಗೆ ಇಪ್ಪತ್ತಾರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ಎರಡು ವರ್ಷ. ವೆಲ್‌ಫೇರ್ ಆಫೀಸರು ಈ ಸಲವೂ ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು, ಸೀಟು ಇನ್ನು ಹಿಡಿಯಲು ಬರುವುದಿಲ್ಲ ಅಂದರು. ಮುಂದಿನ ಸೋಮವಾರದಿಂದ ಅಮ್ಮ ಕ್ಯಾಂಟೀನಿಗೆ ಹೋದಳು. ಬೆಳಗ್ಗೆ ಸೈರನ್ನಿಗೆ ಮುಂಚೆ ತರಕಾರಿ ಹೆಚ್ಚುವುದು, ಆಮೇಲೆ ತಟ್ಟೆ ತೊಳೆಯುವುದು. ಎಲ್ಲವೂ ನಿಂತುಕೊಂಡೇ ಮಾಡುವ ಕೆಲಸ.

ಅಮ್ಮ ಆ ಜಗಲಿಗೆ ಮತ್ತೆ ಹೋಗಲಿಲ್ಲ. ಸಿಟ್ಟಿನಿಂದಲ್ಲ, ಹೊತ್ತಿರಲಿಲ್ಲ. ತಾತ ಮಧ್ಯಾಹ್ನ ಎರಡೂವರೆಗೆ ನಿಘಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಒಂದು ದಿನ ನನ್ನ ಹೆಜ್ಜೆಯ ಸದ್ದು ಹಿಡಿದು, “ಒಂದು ಪದ ಓದ್ತೀಯಾಮ್ಮಾ? ಒಂದೇ” ಅಂದರು. ಓದಬೇಕು ತಾತ, ಕಾಲೇಜಿಗೆ ಹೊತ್ತಾಯಿತು ಅಂದೆ. ಅಂದು ರಜಾ. ಮಾರನೆಯ ವರ್ಷ ಅವರು ತೀರಿಕೊಂಡರು. ಮಗ ಬಂದು ಸಾಮಾನು ವಿಲೇವಾರಿ ಮಾಡಿದ. ನಿಘಂಟು ಶಿವಾಜಿನಗರದ ಗುಜರಿಗೆ ತೂಕಕ್ಕೆ ಹೋಯಿತು ಅಂತ ಅಕ್ಕಪಕ್ಕದವರು ಹೇಳಿದರು. ಅಮ್ಮ ಕೇಳಿ ಹೂಂ ಅಂದಳು.

ಕ್ಯಾಂಟೀನಿನ ಸಂಬಳದಲ್ಲಿ ನಾನು ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿದ್ದೆ. ನಮ್ಮ ಮನೆ ಆಗಲೂ ಹಲಸೂರಿನಲ್ಲೇ. ಇಂದಿರಾನಗರದ ಕಡೆ ಹೊಲಗಳೆಲ್ಲ ಸೈಟುಗಳಾಗಿ ಕಲ್ಲು ನೆಟ್ಟಿದ್ದವು. ನಮಗೆ ಅವು ಬಸ್ಸಿನ ಕಿಟಕಿಯಿಂದ ನೋಡುವುದಕ್ಕೆ. ಒಂದು ಏಪ್ರಿಲಿನಲ್ಲಿ ನನ್ನನ್ನು ಎಸ್ಸೆಸ್ಸೆಲ್ಸಿ ಪೇಪರು ತಿದ್ದಲು ಮೊದಲ ಸಲ ಹಾಕಿದರು.

ದೊಡ್ಡ ಹಾಲು, ಸಾಲು ಮೇಜು, ಎಲ್ಲರ ಕೈಯಲ್ಲೂ ಕೆಂಪು ಶಾಯಿ. ಹಿರಿಯರೊಬ್ಬರು ಕೀ ಉತ್ತರದ ಹಾಳೆ ಹಂಚಿ, “ಕೀ ನೋಡಿ, ನಂಬರು ಹಾಕಿ, ಮುಂದಕ್ಕೆ ಹೋಗಿ. ಕಥೆ ಓದ್ತಾ ಕೂರ್ಬೇಡಿ” ಅಂದರು. ಎರಡನೆಯ ದಿನ ನನ್ನ ಕಟ್ಟಿನಲ್ಲಿ ದಪ್ಪನೆಯ ಪೇಪರೊಂದು ಬಂತು, ಅಡಿಷನಲ್ ಶೀಟುಗಳನ್ನು ದಾರದಲ್ಲಿ ಕಟ್ಟಿದ್ದು. ಮುಖ್ಯೋಪಾಧ್ಯಾಯರಿಗೆ ಮೂರು ದಿನದ ರಜಾ ಕೋರಿ ಪತ್ರ ಬರೆಯಿರಿ ಅಂತ ಪ್ರಶ್ನೆ. ಯಾರೋ ಒಬ್ಬರು ತಮ್ಮ ಅಕ್ಕನ ಕಾಯಿಲೆಯ ಕಥೆಯನ್ನೆಲ್ಲ ಬರೆದಿದ್ದರು, ಯಾವ ಆಸ್ಪತ್ರೆ, ಯಾರು ಹೊತ್ತುಕೊಂಡು ಹೋದರು, ದಾರಿಯಲ್ಲಿ ಅವಳು ಏನು ಹೇಳಿದಳು. ತಪ್ಪು ತಪ್ಪು ಇಂಗ್ಲಿಷು. ನಾಲ್ಕು ಸಾಲು ಓದಿದೆ. ವಿಳಾಸ ಸರಿಯಾದ ಕಡೆ ಇಲ್ಲ, ದಿನಾಂಕ ಇಲ್ಲ. ಕೀ ಪ್ರಕಾರ ಸಿಗುವುದು ಒಂದೂವರೆ. ಹಿರಿಯರು ನನ್ನ ಮೇಜಿನ ಹತ್ತಿರ ಬಂದು ಗಡಿಯಾರ ನೋಡಿದರು. ಹಾಳೆಯ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಒಂದು ಕೆಂಪು ಗೆರೆ ಎಳೆದೆ. ಮುಂದಿನ ಹಾಳೆಗೂ ಎಳೆದೆ. ಅದರ ಮುಂದಿನದಕ್ಕೂ ಎಳೆದೆ. ಅಕ್ಕ ಬದುಕಿದಳೋ ಇಲ್ಲವೋ ನನಗೆ ಗೊತ್ತಿಲ್ಲ.

ಮನೆಗೆ ಬಂದಾಗ ಅಮ್ಮ ಆಗಲೇ ಕ್ಯಾಂಟೀನಿನಿಂದ ಬಂದಿದ್ದಳು. ಉಪ್ಪು ಹಾಕಿದ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. ನನ್ನ ಬೆರಳಿನ ಕೆಂಪು ಶಾಯಿ ನೋಡಿದಳು. ಹತ್ತು ವರ್ಷದಲ್ಲಿ ಅವಳು ಪರೀಕ್ಷೆಯ ಮಾತು ಎತ್ತಿರಲಿಲ್ಲ.

“ಅಡಿಷನಲ್ ಶೀಟೆಲ್ಲ ಓದ್ತೀರೇನೇ? ಕೊನೇವರೆಗೂ?”

ಅವಳಿಗೆ ಈ ಒಂದು ಸಮಾಧಾನವನ್ನಾದರೂ ಕೊಡೋಣ ಅಂದುಕೊಂಡೆ. ಇಷ್ಟು ವರ್ಷಕ್ಕೆ ನನ್ನ ಕೈಲಾದದ್ದು ಅಷ್ಟೇ ಅನ್ನಿಸಿತು. “ಓದ್ತೀವಮ್ಮ. ಒಂದಕ್ಷರ ಬಿಡ್ದೆ ಓದ್ತೀವಿ.”

ಅಮ್ಮ ತಲೆಯಾಡಿಸಿದಳು. ನೀರಿನಲ್ಲಿ ಕಾಲ್ಬೆರಳು ಆಡಿಸಿದಳು.

“ನಾನು ಇಷ್ಟು ದಿನ ಯಾರೂ ಓದೇ ಇರಲ್ಲ ಅಂತ ಅಂದ್ಕೊಂಡಿದ್ದೆ” ಅಂದಳು. “ಹಾಗಾದ್ರೆ ನಂದೂ ಪೂರ್ತಿ ಓದಿಯೇ ಫೇಲ್ ಮಾಡಿದಾರೆ.”

ಬಾಯಿ ತೆರೆದೆ. ಈಗ ನಿಜ ಹೇಳಿದರೂ ಅದು ಸಮಾಧಾನಕ್ಕೆ ಹೇಳಿದ ಸುಳ್ಳಿನ ಹಾಗೇ ಕೇಳುತ್ತಿತ್ತು. ಅಮ್ಮ ಬಕೆಟ್ಟಿನಿಂದ ಕಾಲು ತೆಗೆದು ಸೀರೆಯ ಅಂಚಿನಲ್ಲಿ ಒರೆಸಿಕೊಂಡಳು. ಮೊರ ತಂದು ನಾಳೆಯ ಅಕ್ಕಿ ಆರಿಸಲು ಕೂತಳು.